ಆಯಿಲ್ ಗಡಿಯಾರದ ಕುಂಕುಮ

ಇದನ್ನು ಓದಿ ನಗುವವರು ನಗಲಿ, ನನಗೇನೂ ಬೇಜಾರಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತಾರೆ. ನಾನು ಹೇಳಿದಾಗ ಯಾರಿಗೂ ಕೋಪ ಬಂದಿಲ್ಲ, ಬರೀ ನಗು ಬಂದಿದೆ. ಲಾರಿ ಡ್ರೈವರ್ ಅಂದಮೇಲೆ ಕುಡಿದಿದ್ದ ಅಂತಲೇ ಎಲ್ಲರ ತೀರ್ಮಾನ. ನಾನು ಕುಡಿಯುವವನಲ್ಲ. ದೆವ್ವ ಭೂತ ಅಂತ ಮಾತಾಡಿಕೊಂಡು ಕೂರುವವನೂ ಅಲ್ಲ. ನನಗೆ ಗೊತ್ತಿರುವುದು ಇಂಜಿನ್ ಒಂದೇ. ಮನುಷ್ಯ ಸುಳ್ಳು ಹೇಳುತ್ತಾನೆ, ಇಂಜಿನ್ ಹೇಳುವುದಿಲ್ಲ ಅಂತ ನಂಬಿಕೊಂಡು ಬಂದವನು ನಾನು. ಅಂಥವನಿಗೆ ಹನೂರಿನಿಂದ ಕೊಳ್ಳೇಗಾಲಕ್ಕೆ ಬರುವ ರಸ್ತೆಯಲ್ಲಿ ಏನಾಯಿತೋ ಅಷ್ಟನ್ನೇ ಬರೆಯುತ್ತೇನೆ. ಆಗಿ ಐದು ವರ್ಷವಾಯಿತು.

ಮೊದಲು ಲಾರಿಯ ವಿಷಯ ಹೇಳಿಬಿಡುತ್ತೇನೆ. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಗಾಡಿ ಅದು. ಕೊಳ್ಳೇಗಾಲದ ಒಬ್ಬ ಸಾಹುಕಾರರದು. ಓಡಿಸುತ್ತಿದ್ದವನು ನನ್ನ ಅಣ್ಣ ಮಾದಪ್ಪ, ಜೊತೆಯಲ್ಲಿ ಕ್ಲೀನರ್ ಆಗಿದ್ದವನು ನಾನು. ಹನೂರಿನ ಕಡೆಯಿಂದ ಬಿದಿರು, ರಾಗಿ, ಹುಣಸೇಹಣ್ಣು ತುಂಬಿಕೊಂಡು ಕೊಳ್ಳೇಗಾಲಕ್ಕೆ ಬರುತ್ತಿದ್ದೆವು. ಕೆಲವು ಸಲ ಯಳಂದೂರಿಗೂ ಹೋಗಬೇಕಾಗುತ್ತಿತ್ತು. ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಎರಡು ಕಡೆಯೂ ಅದೇ ಕನ್ನಡ, ಅದೇ ರಾಗಿ ಮುದ್ದೆ, ಆದರೂ ನಡುವೆ ಗಡಿಯ ಗೇಟಿನಲ್ಲಿ ಅರ್ಧ ಗಂಟೆ ನಿಲ್ಲಬೇಕಿತ್ತು. ಅಣ್ಣ ಆಗೆಲ್ಲ ಇಂಜಿನ್ ಆಫ್ ಮಾಡಿ ನನಗೆ ಪಾಠ ಹೇಳುತ್ತಿದ್ದ.

ಸ್ಟೀರಿಂಗಿನ ಮುಂದೆ ಮೂರು ಗಡಿಯಾರ ಇದ್ದವು. ಒಂದು ವೇಗದ್ದು, ಒಂದು ನೀರಿನ ಬಿಸಿಯದು, ಒಂದು ಆಯಿಲ್‌ನದು. ಪಕ್ಕದಲ್ಲಿ ಕಡಲೆಕಾಳಿನಷ್ಟು ಒಂದು ಕೆಂಪು ದೀಪ. ಕೀಲಿ ತಿರುಗಿಸಿದರೆ ಅದು ಹತ್ತಬೇಕು, ಇಂಜಿನ್ ಎದ್ದ ಮೇಲೆ ಆರಬೇಕು. ಓಡುವಾಗ ಹತ್ತಿಕೊಂಡರೆ ಡೈನಮೋ ಬ್ಯಾಟರಿಗೆ ಕರೆಂಟು ಕೊಡುತ್ತಿಲ್ಲ ಅಂತ ಅರ್ಥ. ಅದಕ್ಕೆ ಹೆದರಬೇಕಾಗಿಲ್ಲ, ಹೇಗೋ ಊರು ಸೇರಬಹುದು. ಹೆದರಬೇಕಾದ್ದು ಆಯಿಲ್ ಗಡಿಯಾರಕ್ಕೆ. ಅದಕ್ಕೆ ದೀಪವೂ ಇಲ್ಲ, ಗಂಟೆಯೂ ಇಲ್ಲ. ಇರುವುದು ಒಂದು ಮುಳ್ಳು. ನೋಡುತ್ತಿದ್ದರೆ ಉಂಟು, ನೋಡದಿದ್ದರೆ ಇಲ್ಲ.

ಇಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಅಂತ ಆ ಮುಳ್ಳು ಹೇಳುವುದಿಲ್ಲ. ಆಯಿಲ್ ಒಳಗೆ ಓಡಾಡುತ್ತಿದೆಯಾ, ಎಷ್ಟು ಒತ್ತಡದಲ್ಲಿ ಓಡಾಡುತ್ತಿದೆ ಅಂತ ಹೇಳುತ್ತದೆ. ಮೈಯಲ್ಲಿ ರಕ್ತ ಇದ್ದರೆ ಸಾಲದಲ್ಲ, ನಾಡಿ ಆಡಬೇಕಲ್ಲ, ಹಾಗೆ. ಎಷ್ಟೋ ಜನ ಡ್ರೈವರುಗಳಿಗೆ ಇವತ್ತಿಗೂ ಈ ವ್ಯತ್ಯಾಸ ತಿಳಿಯದು.

ಅಣ್ಣನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಅದಕ್ಕೆ ಅವನದೇ ಒಂದು ಉಪಾಯ ಮಾಡಿಕೊಂಡಿದ್ದ. ಒಂದು ತೊಟ್ಟು ಇಂಜಿನ್ ಆಯಿಲ್‌ನಲ್ಲಿ ಕುಂಕುಮ ಕಲೆಸಿ, ಗಾಡಿ ಚೆನ್ನಾಗಿ ಓಡುವಾಗ ಮುಳ್ಳು ಎಲ್ಲಿ ನಿಲ್ಲುತ್ತದೋ ಆ ಜಾಗಕ್ಕೆ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಿದ್ದ. ಕೆಳಗೆ, ಮುಳ್ಳು ಬರಲೇಬಾರದ ಜಾಗದಲ್ಲಿ, ವಿಭೂತಿಯದೊಂದು ಬೊಟ್ಟು. ಎರಡೂ ಮಾಸಿದರೆ ಮತ್ತೆ ಇಡುತ್ತಿದ್ದ. ಮೂರನೇ ಕ್ಲಾಸು ಓದಿದ್ದ ನನಗೆ ಅಂಕಿ ಗೊತ್ತಿತ್ತು. ಆದರೂ ಎಂಟು ವರ್ಷ ಆ ಎರಡು ಬೊಟ್ಟು ನೋಡಿಯೇ ನಾನೂ ಕಲಿತದ್ದು.

“ಕುಂಕುಮದಲ್ಲಿದ್ರೆ ಮುತ್ತೈದೆ ಕಣ್ಲಾ,” ಅನ್ನುತ್ತಿದ್ದ. “ಇಬೂತಿಗೆ ಬಂದ್ರೆ ಉಸ್ರು ಓಯ್ತು ಅಂತ ತಿಳ್ಕ. ಪಕ್ಕದಲ್ಲಿ ದೇವ್ರೇ ಕೂತಿರ್ಲಿ, ಆಫ್ ಮಾಡ್ಬುಡು.”

ಊರಿನವರು ಅವನನ್ನು ಇಬ್ಬರು ಹೆಂಡಿರ ಮಾದಪ್ಪ ಅಂತ ಗೇಲಿ ಮಾಡುತ್ತಿದ್ದರು. ಒಬ್ಬಳು ನನ್ನ ಅತ್ತಿಗೆ ರಾಜಮ್ಮ, ಇನ್ನೊಬ್ಬಳು ಲಾರಿ. ಅವನೂ ನಗುತ್ತಿದ್ದ.

ಹೊಟ್ಟೆನೋವು ಅಂತ ಮಲಗಿದವನು ಮೂರನೇ ದಿನಕ್ಕೆ ಏಳಲಿಲ್ಲ. ಮೂವತ್ತೈದೂ ತುಂಬಿರಲಿಲ್ಲ. ನಾನು ಅಳಲಿಲ್ಲ. ಅಳು ತಡೆದುಕೊಂಡೆ ಅಂತ ತಿಳಿಯಬೇಡಿ, ಬರಲೇ ಇಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದರೆ ದವಡೆ ನಮ್ಮದಲ್ಲ ಅನ್ನಿಸುತ್ತದಲ್ಲ, ನನಗೆ ಇಡೀ ಮೈ ಹಾಗಾಗಿತ್ತು. ಊಟ ಮಾಡುತ್ತಿದ್ದೆ, ಉಪ್ಪು ಹೆಚ್ಚೋ ಕಮ್ಮಿಯೋ ತಿಳಿಯುತ್ತಿರಲಿಲ್ಲ. ಜನ ಬಂದು ಮಾತಾಡಿಸುತ್ತಿದ್ದರು, ಹೂಂ ಅನ್ನುತ್ತಿದ್ದೆ.

ಹನ್ನೊಂದನೇ ದಿನ ಮಾಂಬಳ್ಳಿಯಿಂದ ನಮ್ಮ ಸೋದರತ್ತೆ ದೊಡ್ಡತಾಯಮ್ಮ ಬಂದಿದ್ದಳು. ಅತ್ತಿಗೆಯ ಬಳೆ ಒಡೆದು, ಹಣೆಯ ಕುಂಕುಮ ಒರೆಸಿದವಳು ಅವಳೇ. ಅದು ಮುಗಿದ ಮೇಲೆ ಅದೇ ಒದ್ದೆ ಬಟ್ಟೆ ಹಿಡಿದು ನೆಟ್ಟಗೆ ಲಾರಿಯ ಹತ್ತಿರ ಹೋದಳು. ಬಾನೆಟ್ಟಿನ ಮೇಲಿನ ಕುಂಕುಮ ಒರೆಸಿದಳು, ಸ್ಟೀರಿಂಗಿನದು ಒರೆಸಿದಳು. ಆಮೇಲೆ ಒಳಗೆ ಬಗ್ಗಿ ಗಡಿಯಾರದ ಗಾಜಿನ ಮೇಲಿನದನ್ನೂ ಒರೆಸಿದಳು. ಗೇಲಿಯ ಮಾತು ಅವಳಿಗೆ ಗೇಲಿಯಾಗಿ ಕೇಳಿರಲಿಲ್ಲ. ಇದೂ ಅವನ ಹೆಂಡತಿಯಲ್ಲವಾ, ಇದಕ್ಕಿನ್ನು ಯಾಕೆ ಕುಂಕುಮ ಅಂದಳು. ವಿಭೂತಿಯನ್ನು ಮಾತ್ರ ಮುಟ್ಟಲಿಲ್ಲ, ವಿಭೂತಿ ಒರೆಸುವಂತಿಲ್ಲವಲ್ಲ. ನಾನು ಜಗುಲಿಯ ಮೇಲೆ ಕೂತು ನೋಡುತ್ತಿದ್ದೆ. ಬೇಡ ಅನ್ನಬೇಕು ಅಂತಲೂ ಹೊಳೆಯಲಿಲ್ಲ.

ಸಾಹುಕಾರರು ಲಾರಿಯನ್ನು ನನಗೇ ಬಿಟ್ಟರು. ಹಾಳೂರಿಗೆ ಉಳಿದವನೇ ಗೌಡ. ಮಾರನೆಯ ದಿನದಿಂದಲೇ ಓಡಿಸಿದೆ. ಕಣ್ಣು ಅಭ್ಯಾಸಬಲದಿಂದ ಕುಂಕುಮ ಹುಡುಕುತ್ತಿತ್ತು, ಅಲ್ಲಿ ಬರೀ ಗಾಜು ಕಾಣುತ್ತಿತ್ತು. ಮತ್ತೆ ಬೊಟ್ಟು ಇಡಲು ನನಗೆ ಕೈ ಬರಲಿಲ್ಲ. ಒಬ್ಬರ ಹಣೆಯಲ್ಲಿಲ್ಲದ್ದನ್ನು ಇಲ್ಲಿ ಹೇಗೆ ಇಡಲಿ?

ಅಣ್ಣ ಹೋಗಿ ಮೂರು ವಾರವಾಗಿತ್ತು. ಸಂಜೆ ಲಾರಿ ನಿಲ್ಲಿಸಿ ಒಳಗೆ ಬಂದರೆ ಅತ್ತಿಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಗೌರಿ, ಅಣ್ಣನ ಒಬ್ಬಳೇ ಮಗಳು, ನಾಲ್ಕು ವರ್ಷ. ಎರಡು ದಿನದಿಂದ ಗಂಟಲು ನೋವು ಅನ್ನುತ್ತಿದ್ದಳು. ಈಗ ಕತ್ತು ಊದಿಕೊಂಡಿತ್ತು. ಪ್ರತಿ ಉಸಿರಿಗೂ ಗರಗಸ ಎಳೆದ ಹಾಗೆ ಗರ್… ಗರ್… ಅನ್ನುತ್ತಿತ್ತು. ನಾಟಿ ವೈದ್ಯರು ಬಂದು ಬಾಯಿ ತೆರೆಸಿ, ದೀಪ ಹಿಡಿದು ನೋಡಿದರು. ಗಂಟಲಮಾರಿ, ನನ್ನ ಕೈಯಲ್ಲಿಲ್ಲ ಅಂದರು. ಗಂಟಲಿಗೆ ಕೊಳವೆ ಹಾಕುವ ಡಾಕ್ಟರು ಕೊಳ್ಳೇಗಾಲದಲ್ಲಿದ್ದಾರೆ, ಈಗಲೇ ಹೊರಡಿ, ಬೆಳಗಾಗುವವರೆಗೆ ಕಾಯಬೇಡಿ ಅಂದರು. ಕೊನೆಯ ಬಸ್ಸು ಹೋಗಿಯಾಗಿತ್ತು.

ಹನೂರಿನಿಂದ ಕೊಳ್ಳೇಗಾಲಕ್ಕೆ ಹದಿನಾರು ಮೈಲಿ. ದೀಪ ಹಚ್ಚುವ ಹೊತ್ತಿಗೆ ಹೊರಟೆವು. ಲಾರಿಯಲ್ಲಿ ನಾನು, ನನ್ನ ಎಡಕ್ಕೆ ಅತ್ತಿಗೆ, ಅವಳ ತೊಡೆಯ ಮೇಲೆ ಮಗು. ಹಿಂದೆ ಖಾಲಿ. ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಈ ಮಗು ಹೋದರೆ ಅಣ್ಣನ ಮನೆಯಲ್ಲಿ ಏನೂ ಉಳಿಯುವುದಿಲ್ಲ, ಅತ್ತಿಗೆಯೂ ಉಳಿಯುವುದಿಲ್ಲ ಅಂತ ಗೊತ್ತಿತ್ತು. ಬೇರೆ ಯಾರದೋ ವಿಷಯದ ಹಾಗೆ ಗೊತ್ತಿತ್ತು.

ಮಂಗಲ ದಾಟಿತು, ಕಾಮಗೆರೆಯೂ ದಾಟಿತು. ಮನೆಗಳಲ್ಲಿ ಒಲೆ ಉರಿಯುತ್ತಿತ್ತು, ಹೊಗೆಯ ವಾಸನೆ ರಸ್ತೆಗೆ ಬರುತ್ತಿತ್ತು. ಆಮೇಲೆ ಹುಣಸೇಮರದ ಸಾಲು. ಮಂಕಾದ ತಿಂಗಳ ಬೆಳಕು. ಇಂಜಿನ್ನಿನ ಸದ್ದಿನ ನಡುವೆಯೂ ಮಗುವಿನ ಉಸಿರು ಕೇಳುತ್ತಿತ್ತು. ನಾನು ಅದನ್ನು ಕೇಳಿಸಿಕೊಳ್ಳುತ್ತಾ ರಸ್ತೆ ನೋಡುತ್ತಿದ್ದೆ, ರಸ್ತೆಯಿಂದ ಗಡಿಯಾರ, ಗಡಿಯಾರದಿಂದ ರಸ್ತೆ. ಅದೊಂದು ಚಟ.

ಒಂದು ಸಲ ಹೀಗೆ ನೋಡಿದಾಗ ಮುಳ್ಳು ನಡುಗುತ್ತಿತ್ತು. ಇನ್ನೊಂದು ಸಲ ನೋಡಿದೆ, ಇಳಿದಿತ್ತು. ಮೂರನೇ ಸಲ ನೋಡುವಾಗ ವಿಭೂತಿಯನ್ನೂ ದಾಟಿ ತಳಕ್ಕೆ ಹೋಗಿ ಮಲಗಿತ್ತು.

ನಾನು ಯೋಚನೆ ಮಾಡಿ ನಿಲ್ಲಿಸಿದೆ ಅಂತ ಹೇಳಲಾರೆ. ನನ್ನ ಕೈ ತಾನಾಗಿ ಕೀಲಿ ತಿರುಗಿಸಿತ್ತು. ಲಾರಿ ಉರುಳುತ್ತಾ ಹೋಗಿ ಒಂದು ಮರದ ಪಕ್ಕ ನಿಂತಿತು. ಸದ್ದು ಪೂರ್ತಿ ಅಡಗಿತು… ಮಗುವಿನ ಗರಗಸ ಮಾತ್ರ ಉಳಿಯಿತು.

“ಯಾಕ್ ನಿಲ್ಸ್‌ದೆ?” ಅತ್ತಿಗೆ ಮೆಲ್ಲಗೆ ಕೇಳಿದಳು.

“ಮುಳ್ಳು ಬಿದ್ದೋಗದೆ ಅತ್ತಿಗೆ.”

ಅವಳು ಅಣ್ಣನ ಹೆಂಡತಿ. ಮುಳ್ಳು ಬೀಳುವುದು ಅಂದರೇನು ಅಂತ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಗುವನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು.

ಏನಾದರೂ ಆಗಲಿ ಅಂತ ಓಡಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆಯಿಲ್ ಹರಿಯದ ಇಂಜಿನ್ ಎರಡು ಮೈಲಿ ಓಡಿದರೆ ಹೆಚ್ಚು. ಬೇರಿಂಗು ಕರಗುತ್ತದೆ, ಕಟಕಟ ಅಂತ ಬಡಿಯುತ್ತದೆ, ಆಮೇಲೆ ಕಚ್ಚಿಕೊಂಡು ನಿಂತುಬಿಡುತ್ತದೆ. ನಮ್ಮ ಮುಂದೆ ಎಂಟು ಮೈಲಿ ಇತ್ತು. ಎರಡು ಮೈಲಿ ಮುಂದೆ ಹೋಗಿ ನಿಂತರೆ ಅಲ್ಲಿ ಮನೆಯಿಲ್ಲ, ದೀಪವಿಲ್ಲ, ಕೂಗಿದರೆ ಓಗೊಡುವವರಿಲ್ಲ. ಇಲ್ಲೇ ನಿಂತರೆ ಹಿಂದೆ ಒಂದು ಮೈಲಿ ನಡೆದರೆ ಊರು, ಅಲ್ಲಿ ಎತ್ತಿನ ಗಾಡಿ ಸಿಕ್ಕುತ್ತದೆ. ಎತ್ತಿನ ಗಾಡಿಯಲ್ಲಿ ಕೊಳ್ಳೇಗಾಲಕ್ಕೆ ಮೂರು ಗಂಟೆ. ಆ ಉಸಿರು ಮೂರು ಗಂಟೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೀಗೆ ಮಾಡಿದರೂ ಮಗು ಹೋಗುತ್ತದೆ, ಹಾಗೆ ಮಾಡಿದರೂ ಹೋಗುತ್ತದೆ.

ಕೈಯಲ್ಲಿ ಹಿಡಿಯುವ ಬ್ಯಾಟರಿ ದೀಪ ತೆಗೆದುಕೊಂಡು ಇಳಿದೆ. ಬಾನೆಟ್ಟು ಎತ್ತಿದೆ. ಬಿಸಿ ಆಯಿಲ್‌ನ ವಾಸನೆ ಮುಖಕ್ಕೆ ಹೊಡೆಯಿತು. ಅಳತೆ ಕಡ್ಡಿ ಎಳೆದು ನೋಡಿದರೆ ಆಯಿಲ್ ಭರ್ತಿ ಇದೆ. ಪೈಪೂ ಸರಿಯಾಗಿದೆ. ಎಲ್ಲಾದರೂ ಸೋರುತ್ತಿದೆಯೋ ಏನೋ ಅಂತ ನೆಲದ ಮೇಲೆ ಮಲಗಿ ಇಂಜಿನ್ ಕೆಳಗೆ ತೆವಳಿದೆ. ಬೆನ್ನ ಕೆಳಗೆ ಜಲ್ಲಿಕಲ್ಲು. ಮೇಲೆ ಇಂಜಿನ್ ತಣ್ಣಗಾಗುತ್ತಾ ಟಿಕ್… ಟಿಕ್… ಅನ್ನುತ್ತಿತ್ತು. ಒಂದು ತೊಟ್ಟೂ ಸೋರಿರಲಿಲ್ಲ.

ಆಗ ಬಲಗಡೆಯ ಮುಂದಿನ ಪಟ್ಟಿ ಸ್ಪ್ರಿಂಗು ಕಿರ್ ಅಂದಿತು.

ಬ್ಯಾಟರಿ ಬೆಳಕು ಅದರ ಮೇಲೆಯೇ ಇತ್ತು. ನನ್ನ ಕಣ್ಣ ಮುಂದೆ ಒಂದು ಬೆರಳಿನಷ್ಟು ಕುಗ್ಗಿತು. ಯಾರಾದರೂ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟರೆ ಹಾಗೆ ಕುಗ್ಗುತ್ತದೆ. ಅತ್ತಿಗೆ ನನ್ನ ಕಡೆಯಿಂದ ಇಳಿಯುತ್ತಿದ್ದಾಳೆ ಅಂದುಕೊಂಡೆ. “ಇಳೀಬ್ಯಾಡಿ ಅತ್ತಿಗೆ, ಬಂದೆ,” ಅಂದೆ. ಉತ್ತರ ಬರಲಿಲ್ಲ. ಕಾಲು ಕಾಣುತ್ತದೇನೋ ಅಂತ ಪಕ್ಕಕ್ಕೆ ಬೆಳಕು ಬಿಟ್ಟೆ. ರಸ್ತೆ, ಹುಲ್ಲು, ಅಷ್ಟೇ. ಸ್ವಲ್ಪ ಹೊತ್ತಿಗೆ ಸ್ಪ್ರಿಂಗು ಮತ್ತೆ ಕಿರ್ ಅಂತ ಮೇಲೆದ್ದಿತು. ಒಳಗೆ ಹೋದಳು ಅಂದುಕೊಂಡು ಸುಮ್ಮನಾದೆ. ಆ ಕ್ಷಣದಲ್ಲಿ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ನನಗೆ ಯಾವುದೂ ದೊಡ್ಡದು ಅನ್ನಿಸುತ್ತಿರಲಿಲ್ಲ.

ಹೊರಗೆ ಬಂದು ಬಾನೆಟ್ಟು ಮುಚ್ಚಿದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಊರಿಗೆ ಓಡುವುದು, ಗಾಡಿ ಕಟ್ಟಿಸುವುದು ಅಂತ ತೀರ್ಮಾನ ಮಾಡಿಕೊಂಡಿದ್ದೆ. ಅದನ್ನು ಅತ್ತಿಗೆಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಾ ಬಾಗಿಲು ತೆರೆದೆ. ಅವಳು ತನ್ನ ಜಾಗದಲ್ಲೇ ಇದ್ದಳು. ಸೆರಗು ಎಳೆದುಕೊಂಡು, ಮುಖವನ್ನು ಪೂರ್ತಿ ಆಚೆ ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದಳು. ಅಳುತ್ತಿರಬೇಕು ಅನ್ನಿಸಿತು.

ಕೊನೆಯದಾಗಿ ಒಂದು ಸಲ ಗಡಿಯಾರದ ಮೇಲೆ ಬೆಳಕು ಬಿಟ್ಟೆ.

ಗಾಜಿನ ಮೇಲೆ ಕುಂಕುಮ ಇತ್ತು.

ಮೇಲೆ, ಹಳೆಯ ಜಾಗದಲ್ಲಲ್ಲ. ಕೆಳಗೆ, ವಿಭೂತಿಗಿಂತಲೂ ಕೆಳಗೆ, ಮಲಗಿದ ಮುಳ್ಳಿನ ತುದಿಯ ಮೇಲೆ ಸರಿಯಾಗಿ ಒಂದು ಬೊಟ್ಟು. ಮುಳ್ಳು ಎದ್ದಿರಲಿಲ್ಲ, ಕುಂಕುಮವೇ ಇಳಿದು ಬಂದಿತ್ತು. ಹಸಿಯಾಗಿತ್ತು, ಅಂಚಿನಲ್ಲಿ ಸ್ವಲ್ಪ ಹರಿದಿತ್ತು. ಬೆರಳ ತುದಿಯಿಂದ ಮುಟ್ಟಿ ಮೂಸಿ ನೋಡಿದೆ. ಆಯಿಲ್‌ನಲ್ಲಿ ಕಲೆಸಿದ ಕುಂಕುಮ. ಅಣ್ಣ ಕಲೆಸುತ್ತಿದ್ದ ಹಾಗೆಯೇ.

ಲಾರಿಯಲ್ಲಿ ಕುಂಕುಮದ ಚೂರೂ ಇರಲಿಲ್ಲ, ಸೋದರತ್ತೆ ಅಷ್ಟು ಚೆನ್ನಾಗಿ ಒರೆಸಿದ್ದಳು. ಹಾಗಾದರೆ ಅತ್ತಿಗೆಯೇ… ಸೆರಗಿನ ಗಂಟಿನಲ್ಲಿ ಪ್ರಸಾದದ ಪೊಟ್ಟಣ ಏನಾದರೂ ಇತ್ತೇನೋ, ಆಯಿಲ್ ಬಟ್ಟೆ ಹೇಗೂ ಸೀಟಿನ ಕೆಳಗಿತ್ತು. ಮುಳ್ಳು ಎಲ್ಲಿದೆಯೋ ಅಲ್ಲಿಗೇ ಕುಂಕುಮ ಇಟ್ಟರೆ ನಾನು ಓಡಿಸುತ್ತೇನೆ ಅಂತ ಅವಳಿಗೆ ಹೊಳೆದಿರಬೇಕು. ಗಂಡ ಸತ್ತು ಮೂರು ವಾರ, ಕುಂಕುಮ ಮುಟ್ಟಬಾರದ ಹೆಂಗಸು, ಮಗುವಿಗಾಗಿ ಮುಟ್ಟಿದ್ದಾಳೆ. ಅದಕ್ಕೇ ನನಗೆ ಮುಖ ಕೊಡುತ್ತಿಲ್ಲ. ನಾನು ಹಾಗೆ ತಿಳಿದುಕೊಂಡೆ. ಕೇಳಿ ಅವಳಿಗೆ ನಾಚಿಕೆ ಮಾಡಬಾರದು ಅಂತ ಬಾಯಿ ಮುಚ್ಚಿಕೊಂಡೆ.

ಕೀಲಿ ತಿರುಗಿಸಿದೆ. ಕೆಂಪು ದೀಪ ಹತ್ತಿತು. ಸ್ಟಾರ್ಟ್ ಮಾಡಿದೆ, ಆರಿತು. ಮುಳ್ಳು ಕದಲಲಿಲ್ಲ.

ಕುಂಕುಮದಲ್ಲಿದ್ದರೆ ಮುತ್ತೈದೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತ ಗೇರ್ ಹಾಕಿದೆ.

ಎಂಟು ಮೈಲಿ. ಪ್ರತಿ ಫರ್ಲಾಂಗಿಗೂ ಕಟಕಟ ಸದ್ದು ಶುರುವಾಗುತ್ತದೆ ಅಂತ ಕಿವಿಗೊಟ್ಟು ಕೂತಿದ್ದೆ. ಬರಲಿಲ್ಲ. ಬಿಸಿಯ ಮುಳ್ಳು ಏರುತ್ತದೆ ಅಂತ ನೋಡಿದೆ. ಏರಲಿಲ್ಲ. ಒಂದು ಮೈಲಿ ಆಯಿತು, ಎರಡಾಯಿತು, ಮೂರಾಯಿತು. ಇಂಜಿನ್ನಿನ ಸದ್ದು ಅಷ್ಟು ನಯವಾಗಿ ನಾನು ಓಡಿಸುವಾಗ ಯಾವತ್ತೂ ಕೇಳಿರಲಿಲ್ಲ. ಅಣ್ಣ ಓಡಿಸುವಾಗ ಮಾತ್ರ ಕೇಳಿದ್ದೆ. ಗೇರ್ ಬದಲಾಯಿಸುವಾಗ ನನ್ನ ಕೈಯಲ್ಲಿ ಸದಾ ಆಗುವ ಕರ್ ಅನ್ನುವ ಸದ್ದೂ ಇಲ್ಲ. ಮುಳ್ಳು ಮಾತ್ರ ಆ ಬೊಟ್ಟಿನ ಕೆಳಗೆ ಹೆಣದ ಹಾಗೆ ಬಿದ್ದಿತ್ತು.

ನನಗೆ ಮೈ ಜುಂ ಅಂದದ್ದು ಆಗ. ಮೂರು ವಾರದಲ್ಲಿ ಮೊದಲ ಸಲ ಮೈಗೆ ಏನೋ ತಿಳಿಯಿತು. ಆಮೇಲೆ ಅದೂ ಹೋಯಿತು.

ಮಧುವನಹಳ್ಳಿಯಲ್ಲಿ ನಾಯಿಗಳು ಲಾರಿಯ ಹಿಂದೆ ಓಡಿ ಬರುತ್ತವೆ, ದಿನವೂ ಬರುತ್ತವೆ. ಅವತ್ತು ರಸ್ತೆಯ ಪಕ್ಕ ನಿಂತು ನೋಡಿದವು, ಒಂದೂ ಬೊಗಳಲಿಲ್ಲ. ಅತ್ತಿಗೆ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು. “ಉಸ್ರು ಅದೆ,” ಅಂದಳು. “ಓಡ್ಸು, ಇನ್ನೂ ಅದೆ.”

ಕೊಳ್ಳೇಗಾಲದ ಆಸ್ಪತ್ರೆಯ ಮುಂದೆ ನಿಲ್ಲಿಸಿದೆ. ಮಗುವಿನ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ತಮಿಳಿನವರು, ಊಟಕ್ಕೆ ಕೂತವರು ಎಂಜಲು ಕೈ ತೊಳೆದುಕೊಂಡು ಓಡಿ ಬಂದರು. ನಮ್ಮಿಬ್ಬರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡರು. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಬಾಗಿಲು ತೆರೆದಾಗ ಗರಗಸದ ಸದ್ದು ನಿಂತಿತ್ತು. ಅತ್ತಿಗೆ ಕುಸಿದು ಕೂತಳು. ಡಾಕ್ಟರು ಅವಳ ಮುಖ ನೋಡಿ ಕೈಯಾಡಿಸಿದರು, “ಇಲ್ಲಮ್ಮಾ, ಇಲ್ಲೆ, ಪುಳ್ಳೆ ಇರುಕ್ಕು, ಮಗು ಇದೆ” ಅಂತ ಎರಡೂ ಭಾಷೆಯಲ್ಲಿ ಹೇಳಿದರು. ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಟ್ಟಿದ್ದರು. ಉಸಿರು ಅದರಿಂದ ಸದ್ದಿಲ್ಲದೆ ಹೋಗಿ ಬರುತ್ತಿತ್ತು.

ಬೆಳಿಗ್ಗೆ ಯಳಂದೂರಿನಿಂದ ಮೇಸ್ತ್ರಿಯನ್ನು ಕರೆಸಿದೆ. ಅಣ್ಣನಿಗೆ ಬೇಕಾದವರು, ಇಂಜಿನ್ ಕೆಲಸದಲ್ಲಿ ಗಡಿಯ ಎರಡು ಕಡೆಯೂ ಅವರಂಥವರಿಲ್ಲ. ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪು ಬಿಚ್ಚಿ ನೋಡಿದರು. ಆಯಿಲ್ ಪಂಪನ್ನು ತಿರುಗಿಸುವ ಪಿನ್ನು ತುಂಡಾಗಿತ್ತು. ಪಂಪು ತಿರುಗಿಯೇ ಇಲ್ಲ. ಎಲ್ಲಿಂದ ಓಡಿಸಿದೆ ಅಂತ ಕೇಳಿದರು, ಹೇಳಿದೆ. ನನ್ನ ಮುಖವನ್ನೇ ನೋಡಿದರು. ಬೇರಿಂಗು ಬಿಚ್ಚಿದರು. ಬೆರಳು ಹಾಕಿ ತೆಗೆದರೆ ಬೆರಳಿನ ತುಂಬಾ ಆಯಿಲ್ ಇತ್ತು. ಒಂದು ಗೀರೂ ಬಿದ್ದಿರಲಿಲ್ಲ.

“ಬೀಸೋ ದೊಣ್ಣೆ ತಪ್ಪುದ್ರೆ ಸಾವಿರ ವರ್ಷ ಆಯಸ್ಸು ಬುಡು,” ಅಂದರು. ಲೋಡ್ ಇರಲಿಲ್ಲ, ಮೆಲ್ಲಗೆ ಓಡಿಸಿದ್ದೀಯ, ಹಳೆಯ ಆಯಿಲ್ ಅಲ್ಲಿ ಇಲ್ಲಿ ನಿಂತಿತ್ತೇನೋ ಅಂತ ಸಮಾಧಾನ ಹೇಳಿದರು. ಅದನ್ನು ಅವರೇ ನಂಬಲಿಲ್ಲ ಅಂತ ಕಾಣುತ್ತದೆ. ಮತ್ತೆ ಹೋಗಿ ಎರಡು ಸಲ ಆ ಪಿನ್ನು ನೋಡಿದರು. ಹೊರಡುವ ಮುಂಚೆ ಗಡಿಯಾರದ ಗಾಜನ್ನು ಅವರ ಎಣ್ಣೆ ಬಟ್ಟೆಯಿಂದಲೇ ಒರೆಸಿದರು. ಆ ಬೊಟ್ಟು ಹೋಯಿತು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಅದೃಷ್ಟ ಅಂದುಕೊಂಡು, ಅತ್ತಿಗೆಯ ಧೈರ್ಯ ಅಂದುಕೊಂಡು ಐದು ವರ್ಷ ನೆಮ್ಮದಿಯಾಗಿ ಇದ್ದವನು ನಾನು. ಅವಳನ್ನು ಕೇಳಲಿಲ್ಲ. ಅವಳೂ ಆ ಮಾತು ತೆಗೆಯಲಿಲ್ಲ. ಗೌರಿ ಬೆಳೆದಳು. ಕತ್ತಿನಲ್ಲಿ ಒಂದು ಗುಳಿ ಉಳಿದಿದೆ, ದನಿ ಸ್ವಲ್ಪ ಒಡಕು, ಬಾಯಿ ಮಾತ್ರ ಇಡೀ ಹನೂರಿಗೆ ಕೇಳುತ್ತದೆ.

ಈ ಸಲದ ಆಯುಧಪೂಜೆಯ ದಿನ ಲಾರಿ ತೊಳೆದು ಹೂವು ಹಾಕಿದ್ದೆ. ಗೌರಿ ಕುಂಕುಮದ ಬಟ್ಟಲು ಹಿಡಿದು ಡ್ರೈವರ್ ಸೀಟಿನ ಮೇಲೆ ಹತ್ತಿ ಕೂತಳು. ಹೆಡ್‌ಲೈಟಿಗೆ, ಸ್ಟೀರಿಂಗಿಗೆ ಎಲ್ಲಾ ಇಟ್ಟಾಗಿತ್ತು. ಆಯಿಲ್ ಗಡಿಯಾರಕ್ಕೆ ಎಲ್ಲಿ ಇಡಲಿ ಚಿಕ್ಕಪ್ಪ ಅಂತ ಕೇಳಿದಳು. ಅಷ್ಟು ವರ್ಷವೂ ಅದನ್ನು ಬರಿದಾಗಿಯೇ ಬಿಟ್ಟಿದ್ದೆ. ಏನು ಹೇಳುವುದು ಅಂತ ತಡವರಿಸುತ್ತಿದ್ದೆ. ಅತ್ತಿಗೆ ಪೂಜೆಯಿಂದ ದೂರ, ಬಾಗಿಲ ಹತ್ತಿರ ನಿಂತಿದ್ದಳು.

“ಅವತ್ತು ನೀನು ಕಿಟಕಿಯಿಂದ ಕೈ ಆಕಿ ಮಡಗ್ದಲ್ಲ, ಅಲ್ಲೇ ತೋರ್ಸು ಮಗೀಗೆ,” ಅಂದಳು.

ನಾನು ಅವಳ ಕಡೆಗೆ ತಿರುಗಿದೆ. ಯಾವತ್ತು ಅಂತ ಕೇಳಿದೆ.

“ಆಸ್ಪತ್ರೆಗೆ ಓದ ದಿನ. ಎಣ್ಣೆ ಕೈ ಒಳಕ್ಕೆ ಬಂತಲ್ಲ. ನಿನ್ ಕೈ ಅಂತ ನಾನು ಸೆರಗೆಳ್ಕಂಡು ಮಕ ಆಚ್ಗೆ ತಿರುಗಿಸ್ಕಂಡೆ.” ಅಂದಳು. “ಒರ್ಸಿದ್ದ ಕುಂಕುಮವ ನೀನು ತಿರ್ಗಾ ಮಡಗಿದ್ನ ನಾನು ನೋಡ್ದೆ ಅಂದ್ರೆ ನಿಂಗೆ ಬೇಜಾರಾಗ್ತದೆ ಅಂತ ಇಷ್ಟು ದಿನ ಏಳ್ಲಿಲ್ಲ ಕಣಪ್ಪ.”

ಕಿಟಕಿಯಿಂದ ಒಳಗೆ ಬಂದ ಕೈ. ಆಗ ನಾನು ಬೆನ್ನ ಕೆಳಗೆ ಜಲ್ಲಿಕಲ್ಲು ಹಾಕಿಕೊಂಡು ಇಂಜಿನ್ ಕೆಳಗೆ ಮಲಗಿದ್ದೆ.

ಬಾಯಿ ತೆರೆದೆ. ಹೇಳುವವನೇ ಇದ್ದೆ. ಆಗ ಅವಳ ಮುಖ ನೋಡಿದೆ. ಐದು ವರ್ಷ ಒಂದು ದಿನವೂ ಬಿಡದೆ ಅವನಿಗಾಗಿ ಅತ್ತ ಹೆಂಗಸು. ಅವನು ಒಂದು ಮೊಳ ದೂರಕ್ಕೆ ಬಂದು ಕೈ ಚಾಚಿದಾಗ, ಮೈದುನ ಅಂತ ತಿಳಿದು ಮರ್ಯಾದೆಗೆ ಮುಖ ತಿರುಗಿಸಿಕೊಂಡು ಕೂತಿದ್ದಳು. ತಿರುಗಿ ನೋಡಿದ್ದರೆ ಕಾಣುತ್ತಿದ್ದನೇನೋ. ಇದನ್ನು ನಾನು ಅವಳಿಗೆ ಹೇಗೆ ಹೇಳಲಿ?

“ಹೂಂ ಅತ್ತಿಗೆ,” ಅಂದೆ. “ನಾನೇ ಮಡಗಿದ್ದು.”

ಅವಳು ತಲೆಯಾಡಿಸಿ ಒಳಗೆ ಹೋದಳು. ನಾನು ಲಾರಿಯ ಹಿಂದೆ ಹೋಗಿ ಚಕ್ರಕ್ಕೆ ಒರಗಿ ಕೂತೆ. ಅಳು ಬರುತ್ತದೇನೋ ಅಂತ ಕಾದೆ. ಬರಲಿಲ್ಲ. ನನಗಾದರೂ ಒಂದು ಸಲ ಕಾಣಿಸಿಕೊಳ್ಳಬಾರದಿತ್ತಾ ಅವನು?

ಅದು ಅಣ್ಣನ ಕೈಯೇ ಅಂತ ಪ್ರಮಾಣ ಮಾಡಿ ಹೇಳಲಾರೆ. ಕತ್ತಲೆ, ಮಗು ಸಾಯುತ್ತಿದೆ, ಅಂಥ ಹೊತ್ತಿನಲ್ಲಿ ಅತ್ತಿಗೆ ಏನು ಕಂಡಳೋ. ನನ್ನ ಕೈಯಲ್ಲ, ಅಷ್ಟು ಮಾತ್ರ ಗೊತ್ತು. ಈಗಲೂ ವಾರಕ್ಕೆ ಮೂರು ಸಲ ಅದೇ ರಸ್ತೆಯಲ್ಲಿ ಬರುತ್ತೇನೆ. ಕತ್ತಲಾದ ಮೇಲೆ ಆ ಮರದ ಸಾಲಿಗೆ ಬಂದಾಗ ಹೆದರಿಕೆಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೂ ಚಳಿಯಿರಲಿ ಮಳೆಯಿರಲಿ, ನನ್ನ ಕಡೆಯ ಕಿಟಕಿಯ ಗಾಜು ಇಳಿಸಿಕೊಂಡೇ ಬರುತ್ತೇನೆ. ಬಂದರೆ ನಾನು ಮುಖ ತಿರುಗಿಸುವುದಿಲ್ಲ.